ಒಂದರಿಂದ ನಾಲ್ಕು

ಪುಣೆಯಲ್ಲಿ ಮಧ್ಯಾಹ್ನ 1ರಿಂದ 4ರವರೆಗೆ ಜಗತ್ತು ಇರುವುದಿಲ್ಲ. ಬಾಗಿಲು ಬಡಿಯಬಾರದು, ಕರೆಗಂಟೆ ಒತ್ತಬಾರದು, ಕೊಟ್ಟ ಸಾಲ ಕೇಳಬಾರದು. ಸಾವಿನ ಸುದ್ದಿಯನ್ನೂ ನಾಲ್ಕು ಹೊಡೆದ ಮೇಲೆ ತಿಳಿಸಿದರೆ ಮೇಲು. ಚಿತಳೆ ಬಂಧುಗಳ ಮಿಠಾಯಿ ಅಂಗಡಿಯೇ ಬಹುಕಾಲ ಆ ಹೊತ್ತಿಗೆ ಬಾಗಿಲೆಳೆದುಕೊಳ್ಳುತ್ತಿತ್ತು ಎಂದಮೇಲೆ ಉಳಿದವರ ಮಾತೇನು? ಇಂಥ ಊರಿನಲ್ಲಿ, ಧಾರವಾಡದಿಂದ ಬಂದು ನೆಲೆಸಿದ ನಾವು ಸರಿಯಾಗಿ ಎರಡು ಗಂಟೆಗೆ ಒಂದು ಕ್ವಿಝ್ ಶೋ ನಡೆಸಿದೆವು. ಹನ್ನೊಂದು ದಿನ ನಡೆಯಿತು.

ಬೀಜ ಬಿದ್ದದ್ದು 2017ರಲ್ಲಿ, ಕಲರ್ಸ್ ಕನ್ನಡದ ‘ಫ್ಯಾಮಿಲಿ ಪವರ್’ನಿಂದ. ನಡೆಸಿಕೊಡುತ್ತಿದ್ದವರು ಪುನೀತ್ ರಾಜ್‌ಕುಮಾರ್. ಸಂಜೆಯ ಟಿವಿ ನಮ್ಮಾಕೆಯ ಮರಾಠಿ ಧಾರಾವಾಹಿಗಳ ಜಹಗೀರು. ಹಾಗಾಗಿ ಊಟ ಮುಗಿಸಿ, ಅಡಿಕೆ ಬಾಯಿಗಿಟ್ಟುಕೊಂಡು, ಅವ್ವ ಮತ್ತು ಮಕ್ಕಳು ಮೊಬೈಲಿನಲ್ಲಿ ಅದನ್ನು ನೋಡುತ್ತಿದ್ದರು. ಬೇರೆಯವರಿಗೆ ರಾತ್ರಿಯ ಕಾರ್ಯಕ್ರಮ, ನಮಗೆ ಹಗಲಿನದು. ಹೆಚ್ಚು ಕಾಲ ಬಾಳಲಿಲ್ಲ. ರುಚಿ ಹತ್ತುವಷ್ಟರಲ್ಲಿ ಮುಗಿಯಿತು.

ಅವ್ವನಿಗೆ ಕ್ವಿಝ್ ಹೊಸದಲ್ಲ. 2002ರಿಂದ ಚಂದನದ ‘ಥಟ್ ಅಂತ ಹೇಳಿ’ಯ ಪರಮಭಕ್ತೆ ಆಕೆ. ನಾ. ಸೋಮೇಶ್ವರರು ಪ್ರಶ್ನೆ ಕೇಳಿದರೆ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಅಲ್ಲಿ ಉತ್ತರ ಪುಸ್ತಕದಲ್ಲಿರುತ್ತದೆ. ಬಲ್ಲವರಿಗೆ ಸಿಗುವ ಬಹುಮಾನವೂ ಪುಸ್ತಕವೇ. ‘ಫ್ಯಾಮಿಲಿ ಪವರ್’ನ ಕುಲ ಬೇರೆ. ಅದರ ಮೂಲಪುರುಷ ಅಮೆರಿಕದ ‘ಫ್ಯಾಮಿಲಿ ಫ್ಯೂಡ್’. 1976ರ ಜುಲೈ 12ರಂದು ಎಬಿಸಿ ವಾಹಿನಿಯಲ್ಲಿ ಹಗಲು ಹೊತ್ತಿನ ಕಾರ್ಯಕ್ರಮವಾಗಿಯೇ ಹುಟ್ಟಿದ್ದು. ಫ್ಯೂಡ್ ಎಂದರೆ ಹಗೆ; ಕನ್ನಡಕ್ಕೆ ಬರುವಷ್ಟರಲ್ಲಿ ಪವರ್ ಆಗಿ ಮರ್ಯಾದೆ ಕಲಿತಿತ್ತು. ಅಲ್ಲಿ ನೂರು ಜನರನ್ನು ಮೊದಲೇ ಕೇಳಿಟ್ಟಿರುತ್ತಾರೆ. ಬಹಳ ಮಂದಿ ಏನೆಂದರೋ ಅದೇ ದೊಡ್ಡ ಉತ್ತರ. ನಿಮಗೆ ಏನು ಗೊತ್ತು ಎಂಬುದು ಮುಖ್ಯವಲ್ಲ, ಮಂದಿಯ ಮನಸ್ಸು ಗೊತ್ತೇ ಎಂಬುದು ಮುಖ್ಯ.

“ಮಂದಿ ಮಾತು ನನಗ ಗೊತ್ತಿರಲಾರದ್ದೇನು?” ಎಂದಳು ಅವ್ವ. ಮರುವರ್ಷ ಬೇಸಿಗೆ ರಜೆಯಲ್ಲಿ ನಮ್ಮನೆ ಶೋ ಶುರುವಾಯಿತು. ಮಗಳ ಕೈಯಲ್ಲಿ ಮೈಕು, ಅಂದರೆ ಹಿಟ್ಟು ಮೆತ್ತಿದ ಲಟ್ಟಣಿಗೆ. ಬಜರ್ ಬದಲು ಬೋರಲು ಹಾಕಿದ ಸ್ಟೀಲ್ ತಟ್ಟೆ, ಹೊಡೆಯಲು ಸೌಟು. ನೂರು ಜನರನ್ನು ಎಲ್ಲಿಂದ ತರೋಣ? ಅವ್ವ ಬೆಳಿಗ್ಗೆ ಧಾರವಾಡಕ್ಕೆ ಫೋನು ಹಚ್ಚಿ ತಂಗಿ, ನಾದಿನಿ, ಹಳೆಯ ನೆರೆಯವರು ಎಂದು ಏಳು ಮಂದಿಯ ಅಭಿಪ್ರಾಯ ಸಂಗ್ರಹಿಸಿದಳು. ಮಗ ಸೊಸೈಟಿಯ ಹುಡುಗರನ್ನು ಹಿಡಿದ. ಹೀಗೆ ಒಂದೇ ಆಟಕ್ಕೆ ಎರಡು ನೂರುಗಳಾದವು.

ತಕರಾರು ಅಲ್ಲೇ ಇತ್ತು. ಊಟಕ್ಕೆ ಮೊದಲು ಬಡಿಸುವುದೇನು ಎಂದರೆ ಅವ್ವನ ನೂರು ‘ರೊಟ್ಟಿ’ ಅನ್ನುತ್ತದೆ, ಮಗನ ನೂರು ‘ಪೋಳಿ’. ಐದನೆಯ ದಿನವೋ ಆರನೆಯ ದಿನವೋ ಮಗಳು ಕೇಳಿದಳು: “ಊರಿಂದ ಬರೋವಾಗ ಚೀಲದಾಗ ಏನು ತರ್ತಾರ?”

ಢಣ್! “ಪೇಢೆ,” ಅಂದಳು ಅವ್ವ.

“ಬಾಕರವಡಿ,” ಅಂದ ಮಗ.

“ಧಾರವಾಡದಾಗ ಎಲ್ಲೀ ಬಾಕರವಡಿನೋ, ಹುಚ್ಚಪ್ಪಾ?”

“ಧಾರವಾಡ ಯಾಕ ಅಜ್ಜಿ? ಊರು ಅಂದ್ರ ಪುಣೆ. ಧಾರವಾಡ ನಿಮ್ಮ ಮನಿ.”

ಎತ್ತಿದ ಸೌಟು ಹಾಗೇ ನಿಂತಿತು. ಅವ್ವ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ. ಅರ್ಧ ಅಂಕವನ್ನೂ ಬಿಟ್ಟುಕೊಡದ ಅವ್ವ ಆಮೇಲೆ ಸಣ್ಣ ದನಿಯಲ್ಲಿ, “ಇಬ್ಬರಿಗೂ ಕೊಡವಾ,” ಅಂದಳು.

ಮರುದಿನ ಮೆಟ್ಟಿಲ ಬಳಿ ಒಂದು ಪಾಟಿ, ಅಂದರೆ ಸೂಚನಾ ಫಲಕ, ಕಾಣಿಸಿಕೊಂಡಿತು. ದುಂಡು ಅಕ್ಷರ, ಕೆಂಪು ಶಾಯಿ: ‘ದುಪಾರೀ ಏಕ ತೇ ಚಾರ ಥಾಳೀ ವಾಜವೂ ನಯೇ.’ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ತಟ್ಟೆ ಬಾರಿಸಬಾರದು. ಹೆಸರಿಲ್ಲ, ಬೈಗುಳವಿಲ್ಲ, ಆದರೂ ಇಡೀ ಕಟ್ಟಡಕ್ಕೆ ಅರ್ಥವಾಯಿತು. ಬರೆದವರು ಕೆಳಗಿನ ಮನೆಯ ಮರಾಠಿ ಅಜ್ಜ, ಆಜೋಬಾ ಎಂದೇ ನನ್ನ ಗುಮಾನಿ. ಮುಂದೆ 2020ರ ಮಾರ್ಚ್ 22ರಂದು, ಕೊರೊನಾ ಕಾಲದ ಜನತಾ ಕರ್ಫ್ಯೂ ದಿನ, ದೇಶವೆಲ್ಲ ತಟ್ಟೆ ಬಾರಿಸಿದಾಗ ಅವರೂ ಬಾಲ್ಕನಿಗೆ ಬಂದು ಮನಸಾರೆ ಬಾರಿಸಿದರು. ಆಗ ಗಂಟೆ ಐದಾಗಿತ್ತು, ನಿಯಮ ಮುರಿಯಲಿಲ್ಲ.

ತಟ್ಟೆ ಹೋಗಿ ಚಪ್ಪಾಳೆ ಬಂತು, ಚಪ್ಪಾಳೆ ಹೋಗಿ ಬೆರಳೆತ್ತುವುದು ಬಂತು. ಸದ್ದಿಲ್ಲದ ಕ್ವಿಝ್ ಒಗ್ಗರಣೆಯಿಲ್ಲದ ಸಾರು. ಹನ್ನೊಂದನೆಯ ದಿನ ಮಗಳು ಲಟ್ಟಣಿಗೆಯನ್ನು ಬಾಯಿಗಿಟ್ಟು ಪಿಸುಗುಟ್ಟಿದಳು: “ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಮಂದಿ ಏನು ಮಾಡ್ತಾರ?”

ಮಗ ಬೆರಳೆತ್ತಿದ. ನಾನೂ ಎತ್ತಿದೆ. ಅವ್ವನ ಕೈ ಮೇಲೇಳಲಿಲ್ಲ. ನೋಡಿದರೆ ಗೋಡೆಗೊರಗಿ, ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾಳೆ.

ಪೂರ್ತಿ ಅಂಕ ಅವ್ವನಿಗೇ ಹೋಯಿತು.