ಏರಿ ಒಡೆದ ಹಾಡು

ಈ ಸ್ಮರಣ ಸಂಚಿಕೆಗೆ ಏನಾದರೊಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ನಮ್ಮ ಶಾಲೆಯ ಹಿರಿಯರಿಂದ ಅಪ್ಪಣೆಯಾದಾಗ, ಸಂಗೀತದ ವಿಷಯವಾಗಿ ಬರೆಯುವೆನೆಂದು ಒಪ್ಪಿಕೊಂಡೆನು. ಅವರು ನಮ್ಮ ಗಾಯನಮಂಡಲಿಯ ನೆನಪುಗಳನ್ನು ನಿರೀಕ್ಷಿಸಿದ್ದಿರಬೇಕು. ನಾನು ಬರೆಯಹೊರಟಿರುವುದಾದರೋ ಲೆಡ್ ಜೆಪೆಲಿನ್ ಎಂಬ ಹೆಸರಿನ ನಾಲ್ವರು ಆಂಗ್ಲ ಯುವಕರ ತಂಡವು 1971ರ ನವೆಂಬರಿನಲ್ಲಿ ಹೊರತಂದ ರಾಕ್ ಸಂಗೀತದ ಒಂದು ತಟ್ಟೆಯ ವಿಷಯ. ಇದನ್ನು ಕಂಡು ಹುಬ್ಬು ಗಂಟಿಕ್ಕುವ ಸಹೋದರಿಯರು ಕೊನೆಯವರೆಗೆ ತಾಳ್ಮೆಯಿಂದಿರಬೇಕೆಂದು ಬೇಡುತ್ತೇನೆ.

ಆ ತಟ್ಟೆಗೆ ಹೆಸರೇ ಇಲ್ಲ. ಅದು ನಾಲ್ಕನೆಯದಾದುದರಿಂದ ಜನರು ಅದನ್ನು ನಾಲ್ಕು ಎಂದೇ ಕರೆಯುತ್ತಾರೆ. ಹೊದಿಕೆಯ ಮೇಲೆ ಬೆನ್ನ ತುಂಬ ಕಡ್ಡಿಯ ಹೊರೆ ಹೊತ್ತು ಬಾಗಿ ನಿಂತ ಒಬ್ಬ ಮುದುಕನ ಚಿತ್ರವಿದೆ. ಬೆಂಗಳೂರಿನ ವಿದ್ಯಾರ್ಥಿನಿ ನಿಲಯದಲ್ಲಿ ಗೆಳತಿಯೊಬ್ಬಳು ಈ ಹಾಡುಗಳ ಕ್ಯಾಸೆಟ್ಟನ್ನು ನನ್ನ ಕೈಗಿತ್ತಾಗ, ಈತನು ನಮ್ಮ ಹೊಸನಗರದ ಕಡೆಯ ಸೌದೆಯ ಅಜ್ಜನೇ ಸರಿ ಎಂದು ನಕ್ಕಿದ್ದೆನು. ಆ ಮುದುಕನು ಯಾರೆಂಬುದು 2023ರಲ್ಲಿ ತಿಳಿದುಬಂದಿತು. ಆತನು ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯಲ್ಲಿ ಮನೆಗಳಿಗೆ ಹುಲ್ಲಿನ ಮಾಡು ಹೊದಿಸುತ್ತಿದ್ದ ಲಾಟ್ ಲಾಂಗ್ ಎಂಬವನಂತೆ, ಚಿತ್ರವು 1892ರದಂತೆ. ನನ್ನ ಊಹೆಯು ಅಷ್ಟೇನೂ ತಪ್ಪಾಗಿರಲಿಲ್ಲ.

ತಟ್ಟೆಯಲ್ಲಿ ಎಂಟು ಹಾಡುಗಳಿವೆ. ಸ್ವರ್ಗಕ್ಕೆ ಸೋಪಾನವೆಂಬ ಅರ್ಥದ ಹೆಸರುಳ್ಳ ಹಾಡು ಲೋಕಪ್ರಸಿದ್ಧವಾದುದು. ಮಿಷನ್ ಶಾಲೆಯ ಹುಡುಗಿಯಾದ ನಾನು ಅದನ್ನು ಯಾಕೋಬನು ಕನಸಿನಲ್ಲಿ ಕಂಡ ನಿಚ್ಚಣಿಗೆಯ ಹಾಡೆಂದು ಭಾವಿಸಿ ಕೇಳಿ ಮೋಸಹೋದೆನು. ಅದನ್ನು ಹೊಗಳುವವರು ಸಾಕಷ್ಟಿದ್ದಾರೆ, ನಾನು ಬಿಟ್ಟುಬಿಡುತ್ತೇನೆ. ಮತ್ತೊಂದು ಹಾಡಿನಲ್ಲಿ ಸ್ಯಾಂಡಿ ಡೆನ್ನಿ ಎಂಬಾಕೆಯು ಮ್ಯಾಂಡೊಲಿನ್ನಿನ ಜೊತೆಯಲ್ಲಿ ದನಿಗೂಡಿಸಿರುವುದು ಬಹು ಇಂಪಾಗಿದೆ. ಇನ್ನೊಂದನ್ನು ಡ್ರಮ್ ಬಾರಿಸುವವನು ಕೈಗೆ ಎರಡರಂತೆ ನಾಲ್ಕು ಕೋಲುಗಳನ್ನು ಹಿಡಿದು ನುಡಿಸಿದನು; ಅದನ್ನೇ ತಂಡದ ಇಬ್ಬರು 1972ರಲ್ಲಿ ಮುಂಬಯಿಗೆ ಬಂದು ನಮ್ಮ ದೇಶದ ವಾದ್ಯಗಾರರೊಡನೆ ಮರಳಿ ಮುದ್ರಿಸಿದರು. ಆದರೆ ನನ್ನ ಮನಸ್ಸು ನೆಟ್ಟಿರುವುದು ಕಟ್ಟಕಡೆಯ ಹಾಡಿನಲ್ಲಿ. ಅದರ ಹೆಸರು 'ವೆನ್ ದ ಲೆವೀ ಬ್ರೇಕ್ಸ್'. ಎಂದರೆ ಹೊಳೆಯ ಏರಿ ಒಡೆದಾಗ.

ಈ ಹಾಡು ಆ ಯುವಕರದಲ್ಲ. ಅದನ್ನು 1929ರಲ್ಲಿ ಮೊದಲು ಮುದ್ರಿಸಿದವರು ಮೆಂಫಿಸ್ ಮಿನ್ನಿ ಎಂದು ಪ್ರಸಿದ್ಧಳಾದ ಲಿಜ್ಜಿ ಡಗ್ಲಸ್ ಎಂಬ ನೀಗ್ರೋ ಹೆಂಗಸು ಮತ್ತು ಅವಳ ಗಂಡ ಜೋ ಮೆಕಾಯ್. ಗಂಡನು ಹಾಡಿದನು, ಇವಳು ಗಿಟಾರ್ ನುಡಿಸಿದಳು. ಅದು ಬ್ಲೂಸ್ ಎಂಬ ಜಾತಿಯ ಹಾಡು. ಗುಲಾಮರಾಗಿ ದುಡಿದವರ ಮಕ್ಕಳು ಮೊಮ್ಮಕ್ಕಳು ಹತ್ತಿಯ ಹೊಲಗಳಲ್ಲಿಯೂ ದೇವಾಲಯಗಳಲ್ಲಿಯೂ ಹಾಡಿಕೊಂಡುದರಿಂದ ಹುಟ್ಟಿದ ಸಂಗೀತವಿದು. ನಮ್ಮ ಶಾಲೆಯ ಹಾರ್ಮೋನಿಯಂ ಮುಂದೆ ಕುಳಿತವರಿಗೆ ಇದರ ಕಟ್ಟಡವನ್ನು ತಿಳಿಸುವುದು ಸುಲಭ. ಸ, ಮ, ಪಗಳ ಮೇಲೆ ನಿಂತ ಮೂರೇ ಸ್ವರಮೇಳಗಳು, ನಾವು ಕೀರ್ತನೆಗಳಿಗೆ ಒತ್ತುತ್ತಿದ್ದವೇ. ಸಾಮಾನ್ಯವಾಗಿ ಒಂದು ಸಾಲನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಉತ್ತರ ಹೇಳುವರು. ಆದರೆ ಗಾಂಧಾರ ನಿಷಾದಗಳು ಹಾರ್ಮೋನಿಯಂ ಮಣೆಗಳ ನಡುವೆ ಎಲ್ಲಿಯೋ ಜಾರುತ್ತವೆ. ಅವನ್ನು ನಮ್ಮ ಮಣೆಗಳಲ್ಲಿ ಹಿಡಿಯಲಾಗದು. ಗಮಕ ಬಲ್ಲವರು ಹಿಡಿದಾರು.

ಹಾಡು ಹೇಳುವುದು 1927ರ ಮಿಸಿಸಿಪಿ ಹೊಳೆಯ ಮಹಾಪೂರದ ಕಥೆ. ಆ ವರ್ಷದ ಏಪ್ರಿಲಿನಲ್ಲಿ ಏರಿಗಳು ಒಡೆದು ಸುಮಾರು 27,000 ಚದರ ಮೈಲಿ ಭೂಮಿಯು ನೀರಿನಡಿಯಾಯಿತು. ಆರು ಲಕ್ಷಕ್ಕೆ ಹತ್ತಿರ ಜನರು ಮನೆ ಬಿಟ್ಟರು; ಅವರಲ್ಲಿ ಹೆಚ್ಚಿನವರು ಕರಿಯ ಕೂಲಿಗಳು ಮತ್ತು ಗೇಣಿದಾರರು. ಗ್ರೀನ್‌ವಿಲ್ ಪಟ್ಟಣದ ಏರಿಯ ಮೇಲೆ ಅವರನ್ನು ಬಂದೂಕಿನ ಕಾವಲಿನಲ್ಲಿರಿಸಿ ದುಡಿಸಿದರೆಂಬುದೂ ಚರಿತ್ರೆಯಲ್ಲಿದೆ.

ಜೆಪೆಲಿನ್ ತಂಡದವರು ಇದನ್ನು ಮುದ್ರಿಸಿದುದು ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ. 1795ರಲ್ಲಿ ದಿಕ್ಕಿಲ್ಲದ ಬಡವರಿಗಾಗಿ ಕಟ್ಟಿದ ಮನೆಯದು. ಜಾನ್ ಬಾನಮ್ ಎಂಬವನ ಡ್ರಮ್ಮುಗಳನ್ನು ಮಹಡಿಯ ಮೆಟ್ಟಿಲುಗಳ ಬುಡದಲ್ಲಿರಿಸಿ, ಎರಡು ಮೈಕುಗಳನ್ನು ಮೇಲಿನಿಂದ ಇಳಿಬಿಟ್ಟರು. ಹೊಡೆತವು ಕೆಳಗೆ ಹುಟ್ಟಿ, ಗೋಡೆಗಳಿಗೆ ತಾಗಿ, ಹಿಗ್ಗಿ ಮೇಲೇರುತ್ತದೆ. ವಾದ್ಯಗಳ ಮುದ್ರಣದ ಗತಿಯನ್ನೂ ಕೊಂಚ ಇಳಿಸಿದರು. ಮಿನ್ನಿ ದಂಪತಿಗಳ ಹಾಡು ಚುರುಕಾಗಿ ನಡೆಯುವುದು; ಇದು ಬಹುಪಾಲು ಒಂದೇ ಶ್ರುತಿಯ ಮೇಲೆ ನಿಂತು, ಏಳು ನಿಮಿಷ ಭಾರವಾಗಿ ತುಳಿಯುತ್ತ ಬರುವುದು. ಅದರ ಮೇಲೆ ಮೌತ್ ಆರ್ಗನ್ನಿನ ಕೂಗು. ಆಗುಂಬೆಯ ಆಷಾಢದ ಮಳೆಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದವರಿಗೆ ಆ ನಾದವನ್ನು ವರ್ಣಿಸಿ ಹೇಳಬೇಕಾಗಿಲ್ಲ.

ಒಂದು ಆಕ್ಷೇಪಣೆಯನ್ನು ಮುಚ್ಚಿಡಲಾರೆನು. ಈ ತಂಡದವರು ಕರಿಯ ಹಾಡುಗಾರರಿಂದ ಪಡೆದುದಕ್ಕೆ ಎಲ್ಲ ಕಾಲದಲ್ಲಿಯೂ ಋಣವನ್ನೊಪ್ಪಿದವರಲ್ಲ. ಹಿಂದಿನ ಒಂದು ಹಾಡಿಗಾಗಿ ವಿಲ್ಲಿ ಡಿಕ್ಸನ್ ಎಂಬವನು 1985ರಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಈ ತಟ್ಟೆಯ ಮೇಲೆ ಮಿನ್ನಿಯ ಹೆಸರನ್ನು ಅಚ್ಚುಹಾಕಿದರು, ಸಂತೋಷ. ಹಾಡಿದ ಗಂಡನ ಹೆಸರು ಮಾತ್ರ ಬಿಟ್ಟುಹೋಯಿತು. ಮಿನ್ನಿಯು 1973ರಲ್ಲಿ ತೀರಿಕೊಂಡಳು. ಅವಳ ಸಮಾಧಿಗೆ ಹೆಸರು ಕೊರೆದ ಕಲ್ಲು ಬಂದುದು 1996ರಲ್ಲಿ; ಅದರ ವೆಚ್ಚವನ್ನು ಕೊಟ್ಟವಳು ಬಾನಿ ರೇಟ್ ಎಂಬ ಗಿಟಾರ್ ವಾದಕಿ.

ಇನ್ನು ಈ ಹಾಡು ನನಗೇಕೆ ಬೇಕಾಯಿತೆಂಬುದನ್ನು ಹೇಳುವೆನು. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದ ಸೀಮೆಗೆ ಬರುತ್ತದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ನಮ್ಮ ತಾಯಿಯವರಿಗೆ ಹನ್ನೆರಡು ವರ್ಷ. ಅಜ್ಜನವರು ಮನೆಯ ಹೆಂಚು, ಬಾಗಿಲವಾಡ, ಕಂಬಗಳನ್ನು ತಾವೇ ಕಳಚಿ ಗಾಡಿಗೇರಿಸಿದರು. ತೋಟವನ್ನು ಏರಿಸಲಾದೀತೇ? ಹೊಸ ಜಾಗದ ಹಕ್ಕುಪತ್ರವು ಕೈಸೇರುವುದಕ್ಕೆ ಅವರ ಆಯುಷ್ಯ ಸಾಲಲಿಲ್ಲ. ತಾಯಿಯವರು ಆ ಊರಿನ ಮಾತನ್ನೇ ಆಡುತ್ತಿರಲಿಲ್ಲ. ಸಾಗರದವರೇ ಆದ ನಾ. ಡಿಸೋಜರ 'ಮುಳುಗಡೆ'ಯನ್ನು ತಂದುಕೊಟ್ಟೆನು, ಓದದೆ ಕಪಾಟಿನಲ್ಲಿಟ್ಟರು. 'ದ್ವೀಪ' ಚಲನಚಿತ್ರಕ್ಕೆ ಕರೆದೊಯ್ದಾಗ ಅರ್ಧದಲ್ಲಿ ಎದ್ದು ಬಂದರು. ಬಾಬೆಲಿಗೆ ಸೆರೆಹೋದವರು ತಮ್ಮ ಕಿನ್ನರಿಗಳನ್ನು ಮರಗಳಿಗೆ ತೂಗುಹಾಕಿದ ಕೀರ್ತನೆಯನ್ನು ನಾವು ಶಾಲೆಯಲ್ಲಿ ಬಾಯಿಪಾಠ ಒಪ್ಪಿಸುತ್ತಿದ್ದೆವಷ್ಟೆ. ನನಗೆ ಅದರ ಅರ್ಥವಾದುದು ಮನೆಯಲ್ಲಿ.

ಕಳೆದೊಂದು ಮಳೆಗಾಲದ ಸಂಜೆ ನಾನು ಈ ಹಾಡನ್ನು ಹಾಕಿಕೊಂಡಿದ್ದಾಗ ಅವರು ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಹಾಡುವವನ ಕಿರಿಚಾಟವು ಅವರಿಗೆ ಸೇರಲಿಲ್ಲ, ಮುಖದಲ್ಲಿಯೇ ತಿಳಿಯಿತು. ಮೌತ್ ಆರ್ಗನ್ನು ಬಂದಾಗ ಕುಳಿತುಕೊಂಡರು. ಏನು ಹಾಡು ಇದು ಎಂದು ಕೇಳಿದರು. ನಾನು ಹೊಳೆಯ ಕಥೆಯನ್ನು ಹೇಳಿದೆನು.

"ಅಲ್ಲಿ ಕಟ್ಟೆ ಒಡೆದು ಮುಳುಗಿತೇ?" ಎಂದರು. "ನಮ್ಮಲ್ಲಿ ಕಟ್ಟೆ ನಿಂತು ಮುಳುಗಿತು ಮಗಾ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಬದಲಿ ಜಮೀನು ಕೊಟ್ಟರಾ?" ಎಂದು ಕೇಳಿದರು.

ಗೇಣಿದಾರರಿಗೆ ಕೊಡಲು ಯಾರಿಗೂ ಮನಸ್ಸಿರಲಿಲ್ಲವೆಂದೂ, ಅನೇಕರು ಬಡಗಲಿಗೆ ಷಿಕಾಗೋ ಮುಂತಾದ ನಗರಗಳಿಗೆ ಗುಳೆ ಹೋದರೆಂದೂ, ಮಿನ್ನಿಯೂ ಅಲ್ಲಿಯೇ ಬಹುಕಾಲ ಹಾಡಿಕೊಂಡಿದ್ದಳೆಂದೂ ಹೇಳಿದೆನು. ಆಮೇಲೆ ಅವರು ತಾವಾಗಿಯೇ ಮಾತಿಗೆ ತೊಡಗಿದರು. ಮನೆಯ ಮುಂದಿನ ಹಲಸಿನ ಮರ, ದೋಣಿ ಕಟ್ಟುತ್ತಿದ್ದ ಕಲ್ಲು, ಕಡೆಯ ದಿನ ಗಾಡಿಯ ಹಿಂದೆ ಬರಲೊಲ್ಲದೆ ಅಂಗಳದಲ್ಲಿಯೇ ಮಲಗಿದ ನಾಯಿ. ಅದರ ಹೆಸರು ಕರಿಯ. ಅಡಿಗೆಮನೆಯಲ್ಲಿ ಅನ್ನದ ತಳ ಹಿಡಿಯಿತು. ನಾವಿಬ್ಬರೂ ಏಳಲಿಲ್ಲ.

ಬೇಸಗೆಯಲ್ಲಿ ನೀರು ಬಹಳ ಇಳಿದರೆ 1948ರ ಹಿರೇಭಾಸ್ಕರ ಅಣೆಕಟ್ಟು ಮುಳುಗಡೆಯೊಳಗಿನಿಂದ ಮೇಲೇಳುತ್ತದೆ. ಈ ಸಲ ಇಳಿದರೆ ನನ್ನನ್ನು ಆ ಕಡೆಗೆ ಕರೆದುಕೊಂಡು ಹೋಗು, ಕಲ್ಲನ್ನು ತೋರಿಸುತ್ತೇನೆ ಎಂದಿದ್ದಾರೆ.