ಮೂರು ಮೂಲೆಯ ಹಠ

ಹಿರೋಶಿಮಾ ಸ್ಟೇಷನ್ನಿನಲ್ಲಿ ಪೂರ್ವದ ಕಡೆಗೆ ಹೋಗುವ ಲೋಕಲ್ ರೈಲು ಹತ್ತಿದರೆ ಎರಡನೇ ಸ್ಟಾಪು ಮುಕಾಯ್‌ನಾಡಾ. ಹತ್ತು ನಿಮಿಷವೂ ಬೇಡ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಮಜ್ದಾ ಕಂಪನಿಯ ಪ್ರಧಾನ ಕಚೇರಿ. ವಿಳಾಸ ನೋಡಿದರೆ ಅದು ಹಿರೋಶಿಮಾ ನಗರಕ್ಕೆ ಸೇರಿಲ್ಲ, ಫುಚು ಎಂಬ ಪುಟ್ಟ ಪಟ್ಟಣಕ್ಕೆ ಸೇರಿದೆ. ನಾಲ್ಕೂ ದಿಕ್ಕಿನಿಂದ ಹಿರೋಶಿಮಾ ಸುತ್ತುವರಿದಿದ್ದರೂ ಅದರೊಳಗೆ ವಿಲೀನವಾಗದೆ ತನ್ನ ಪಾಡಿಗೆ ತಾನಿರುವ ಊರು ಈ ಫುಚು. ಕಂಪನಿಯ ಜಾತಕವೂ ಹೆಚ್ಚುಕಮ್ಮಿ ಹೀಗೇ ಇದೆ.

ನಮ್ಮ ಕಡೆ ಮಜ್ದಾ ಅಂದರೆ ಸ್ವರಾಜ್ ಮಜ್ದಾ. 1980ರ ದಶಕದಲ್ಲಿ ಈ ಕಂಪನಿಯ ಸಹಯೋಗದಲ್ಲಿ ಪಂಜಾಬಿನಲ್ಲಿ ತಯಾರಾಗಲು ಶುರುವಾದ ಮಿನಿ ಬಸ್ಸು, ಸಣ್ಣ ಲಾರಿಗಳು ಕರ್ನಾಟಕದ ಶಾಲೆಗೂ ಓಡಾಡಿವೆ, ಮದುವೆ ದಿಬ್ಬಣಕ್ಕೂ ಓಡಾಡಿವೆ. ಅದರ ಕಾರುಗಳು ಮಾತ್ರ ನಮ್ಮ ರಸ್ತೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಕಾರಿನ ಹುಚ್ಚಿರುವವರು ಈ ಹೆಸರನ್ನು ಯಾಕೆ ದೇವರ ಹೆಸರಿನಂತೆ ಹೇಳುತ್ತಾರೆಂಬುದು ನನಗೆ ಬಹಳ ಕಾಲ ಒಗಟಾಗಿತ್ತು. ಟೊಯೋಟಾ ವರ್ಷಕ್ಕೆ ಕೋಟಿಯ ಆಸುಪಾಸು ಗಾಡಿ ಮಾರುತ್ತದೆ. ಮಜ್ದಾ ಮಾರುವುದು ಹೆಚ್ಚೆಂದರೆ ಹನ್ನೆರಡು ಹದಿಮೂರು ಲಕ್ಷ. ಲೆಕ್ಕದಲ್ಲಿ ಸಣ್ಣವನಾದ ಇವನಿಗೆ ಇಷ್ಟು ದೊಡ್ಡ ಹೆಸರು ಎಲ್ಲಿಂದ ಬಂತು?

ಮೊದಲೇ ಹೆಸರು ಬರೆಸಿದ್ದರೆ ಇಲ್ಲಿನ ಮ್ಯೂಸಿಯಂ ನೋಡಲು ದುಡ್ಡು ಕೊಡಬೇಕಿಲ್ಲ. ಆದರೆ ಕಾಲ್ನಡಿಗೆಯಲ್ಲಿ ಹೋಗುವಂತಿಲ್ಲ. ಕಚೇರಿಯ ಮುಂದೆ ಎಲ್ಲರನ್ನೂ ಬಸ್ಸಿಗೆ ಹತ್ತಿಸಿ ಕರೆದೊಯ್ಯುತ್ತಾರೆ. ಮ್ಯೂಸಿಯಂ ಇರುವುದು ಕಾರ್ಖಾನೆಯ ಹೊಟ್ಟೆಯೊಳಗೆ, ಉಜಿನಾ ಕಡೆಯ ಆವರಣದಲ್ಲಿ. ದಾರಿಯಲ್ಲಿ ಒಂದು ನದಿ, ನದಿಯ ಮೇಲೆ ಸೇತುವೆ. ಆ ಸೇತುವೆ ಸರ್ಕಾರದ್ದಲ್ಲ, ಕಂಪನಿಯದೇ ಸ್ವಂತದ್ದು! ಆಸ್ಪತ್ರೆಯೂ ಅವರದೇ, ಹಡಗುಕಟ್ಟೆಯೂ ಅವರದೇ. ದಡದುದ್ದಕ್ಕೂ ಹೊಚ್ಚ ಹೊಸ ಕಾರುಗಳು ಸಾಲಾಗಿ ಹಡಗಿಗಾಗಿ ಕಾಯುತ್ತಿದ್ದವು. ನಾನು ಕಿಟಕಿಗೆ ಮೂಗು ಒತ್ತಿ ಕೂತೆ. ಪಕ್ಕದ ಸೀಟಿನ ಶಾಲಾ ಹುಡುಗನೂ ಹಾಗೇ ಕೂತಿದ್ದ, ಹಾಗಾಗಿ ನಾಚಿಕೆಯಾಗಲಿಲ್ಲ.

ಕಥೆ ಶುರುವಾಗುವುದು ಕಾರಿನಿಂದಲ್ಲ, ಬಾಟಲಿಗೆ ಹಾಕುವ ಬಿರಡೆಯಿಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಕಾರ್ಕ್ ಬರುವುದು ನಿಂತಾಗ ಇಲ್ಲಿನವರು ಅಬೆಮಾಕಿ ಎಂಬ ಸ್ಥಳೀಯ ಓಕ್ ಮರದ ತೊಗಟೆಯಿಂದ ಬದಲಿ ಕಾರ್ಕ್ ಮಾಡುತ್ತಿದ್ದರು. 1920ರಲ್ಲಿ ಅದಕ್ಕೆಂದೇ ಒಂದು ಕಂಪನಿಯಾಯಿತು. ಯುದ್ಧ ಅಷ್ಟರಲ್ಲಾಗಲೇ ಮುಗಿದಿತ್ತು, ಅಸಲಿ ಕಾರ್ಕ್ ಮತ್ತೆ ಬಂದದ್ದೇ ತಡ, ವ್ಯಾಪಾರ ಕುಸಿಯಿತು. ಮರುವರ್ಷ ಚುಕ್ಕಾಣಿ ಹಿಡಿದವನು ಜುಜಿರೊ ಮಾತ್ಸುದಾ. ಇದೇ ಕಡಲ ತೀರದ ಮೀನುಗಾರರ ಮನೆಯ ಹುಡುಗ, ಹದಿಹರೆಯದಲ್ಲೇ ಒಸಾಕಾಗೆ ಹೋಗಿ ಕಮ್ಮಾರನ ಬಳಿ ಕೆಲಸ ಕಲಿತವನು. ಕಬ್ಬಿಣ ಬಡಿದು ಬಂದವನಿಗೆ ತೊಗಟೆಯ ಮೇಲೆ ಎಷ್ಟು ದಿನ ಮನಸ್ಸು ನಿಂತೀತು? ಯಂತ್ರೋಪಕರಣಗಳತ್ತ ಹೊರಳಿದ. 1931ರಲ್ಲಿ ಮೊದಲ ಮೂರು ಚಕ್ರದ ಟ್ರಕ್ಕು ಹೊರಬಂತು.

ಆ ಕಾಲದ ಗಾಡಿಯೊಂದು ಇಲ್ಲಿ ನಿಂತಿದೆ. ಮುಂದೆ ಒಂಟಿ ಚಕ್ರ, ಬೈಕಿನ ಹ್ಯಾಂಡಲ್, ಬೈಕಿನ ಸೀಟು, ಸೀಟಿನ ಕೆಳಗೇ ಒಂದೇ ಸಿಲಿಂಡರಿನ 482 ಸಿಸಿ ಎಂಜಿನ್, ಹಿಂದೆ ಸರಕಿನ ತೊಟ್ಟಿ. ಚಾಲಕನಿಗೆ ಸೂರಿಲ್ಲ, ಗಾಜಿಲ್ಲ, ಬಾಗಿಲಿಲ್ಲ. ಆದರೆ ರಿವರ್ಸ್ ಗೇರ್ ಇದೆ! ಇಕ್ಕಟ್ಟಿನ ಓಣಿಯೊಳಗೆ ನುಗ್ಗಿದ ಗಾಡಿ ವಾಪಸು ಬರಬೇಕಲ್ಲ. ಸರಕು ಹೊರುವವರ ಕಷ್ಟ ಬಲ್ಲವನು ಮಾಡಿದ ಗಾಡಿ ಇದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಹಿಂದಿನ ದಿನ ಹಿಜಿಯಾಮಾ ಎಂಬ ಗುಡ್ಡ ಹತ್ತಿದ್ದೆ. ಗುಡ್ಡ ಅನ್ನುವುದೇ ಹೆಚ್ಚು, ಎಪ್ಪತ್ತು ಮೀಟರಿನ ಆಸುಪಾಸಿನ ದಿಬ್ಬ. ಚೆರ್ರಿ ಮರಗಳು, ಒಂದು ಕಲಾ ಮ್ಯೂಸಿಯಂ, ನಾಯಿ ಹಿಡಿದು ವಾಕಿಂಗ್ ಬರುವ ಅಜ್ಜಂದಿರು. 1945ರ ಆಗಸ್ಟ್ 6ರ ಬೆಳಿಗ್ಗೆ ಎಂಟೂಕಾಲಿಗೆ ಬಾಂಬು ಸಿಡಿದದ್ದು ಈ ದಿಬ್ಬದ ಪಶ್ಚಿಮಕ್ಕೆ, ಕಾರ್ಖಾನೆ ಇದ್ದದ್ದು ಪೂರ್ವಕ್ಕೆ, ಸಿಡಿದ ಜಾಗದಿಂದ ಸುಮಾರು ಐದು ಕಿಲೋಮೀಟರ್ ಆಚೆ. ಹೊಡೆತದ ಬಹುಪಾಲನ್ನು ದಿಬ್ಬ ತಡೆಯಿತು. ಕಾರ್ಖಾನೆಯ ಮಾಡು ಕಿಟಕಿಗಳು ಹಾರಿದವು, ಗೋಡೆ ಯಂತ್ರಗಳು ಉಳಿದವು. ಊರೊಳಗೆ ಹೋಗಿದ್ದ ನೌಕರರು ಹಲವರು ಮರಳಲಿಲ್ಲ. ಅವತ್ತು ಜುಜಿರೊ ಮಾತ್ಸುದಾನ ಎಪ್ಪತ್ತನೇ ಹುಟ್ಟುಹಬ್ಬ. ಬೆಳಿಗ್ಗೆ ಬೇಗನೆ ಪೇಟೆಯಲ್ಲಿ ಕ್ಷೌರ ಮಾಡಿಸಿಕೊಂಡು ಹೊರಟಿದ್ದಕ್ಕೆ ಬದುಕಿದ ಎಂಬ ಕಥೆ ಇದೆ. ಉಳಿದ ಕಾರ್ಖಾನೆಯ ಕಟ್ಟಡವೇ ಆಗಸ್ಟಿನಿಂದ ಮರುವರ್ಷದವರೆಗೆ ಪ್ರಾಂತ್ಯದ ಸರ್ಕಾರಿ ಕಚೇರಿಯಾಯಿತು, ರೇಡಿಯೋ ಕೇಂದ್ರಕ್ಕೂ ಅಲ್ಲೇ ಆಸರೆ. ಡಿಸೆಂಬರಿನಲ್ಲಿ, ಅಂದರೆ ನಾಲ್ಕೇ ತಿಂಗಳಲ್ಲಿ, ಮೂರು ಚಕ್ರದ ಟ್ರಕ್ಕು ಮತ್ತೆ ತಯಾರಾಗತೊಡಗಿತು. ಬೂದಿಯಾದ ಊರಿಗೆ ಮರಮುಟ್ಟು ಹೊತ್ತದ್ದು ಇವೇ ಗಾಡಿಗಳು.

ಇಷ್ಟು ಕೇಳಿ ಕಣ್ಣು ತುಂಬಿಕೊಳ್ಳುವ ಮೊದಲು ಇನ್ನೊಂದನ್ನೂ ಹೇಳಬೇಕು. ಯುದ್ಧಕಾಲದಲ್ಲಿ ಇದೇ ಕಾರ್ಖಾನೆ ಜಪಾನ್ ಸೇನೆಗೆ ಬಂದೂಕು ಮಾಡುತ್ತಿತ್ತು. ಅದನ್ನು ಮರೆತು ಬರೀ ಪುನರ್ಜನ್ಮದ ಕಥೆ ಹೇಳಿದರೆ ಅದು ಪುರಾಣವಾದೀತು.

ರೋಟರಿ ಎಂಜಿನ್ನಿನ ವಿಭಾಗಕ್ಕೆ ಬಂದಾಗ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಒಳಗು ಕಾಣುವಂತೆ ಕತ್ತರಿಸಿದ ಎಂಜಿನ್. ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಬಡಿದುಕೊಳ್ಳುತ್ತದೆ, ಆ ಕುಣಿತವನ್ನು ತಿರುಗುವಿಕೆಯನ್ನಾಗಿ ಬದಲಿಸಲು ಕ್ರ್ಯಾಂಕು, ಗಾಳಿ ಹೊಗೆ ಬಿಡಲು ಕವಾಟಗಳು, ಹೀಗೆ ದೊಡ್ಡ ಸಂಸಾರವೇ ಬೇಕು. ಇಲ್ಲಿ ಆ ಸಂಸಾರವಿಲ್ಲ. ರೇಷ್ಮೆಗೂಡಿನ ಹಾಗೆ ನಡು ಸ್ವಲ್ಪ ಒತ್ತಿದ ಒಂದು ಕೋಣೆ, ಅದರೊಳಗೆ ಉಬ್ಬಿದ ಬದಿಗಳ ಒಂದು ತ್ರಿಕೋನ. ತ್ರಿಕೋನದ ಮೂರೂ ತುದಿ ಸದಾ ಗೋಡೆಗೆ ತಾಗಿಕೊಂಡೇ ತಿರುಗುತ್ತವೆ. ಒಂದು ಬದಿಯಲ್ಲಿ ಪೆಟ್ರೋಲು ಗಾಳಿ ಒಳಗೆ ಬರುತ್ತಿದ್ದರೆ ಇನ್ನೊಂದು ಬದಿಯಲ್ಲಿ ಅದು ಒತ್ತಡಕ್ಕೆ ಸಿಕ್ಕಿ ಉರಿಯುತ್ತಿರುತ್ತದೆ, ಮತ್ತೊಂದರಲ್ಲಿ ಹೊಗೆ ಹೊರಹೋಗುತ್ತಿರುತ್ತದೆ. ತ್ರಿಕೋನ ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ಮುಗಿಸಿರುತ್ತದೆ. ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯದು.

ಈ ಕಲ್ಪನೆ ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್‌ನದು. ಜಪಾನ್ ಸರ್ಕಾರ ಸಣ್ಣ ಕಾರು ಕಂಪನಿಗಳನ್ನೆಲ್ಲ ದೊಡ್ಡವರ ಜೊತೆ ಸೇರಿಸುವ ಯೋಚನೆಯಲ್ಲಿದ್ದ ಕಾಲ ಅದು. ಜುಜಿರೊನ ನಂತರ ಬಂದ ತ್ಸುನೆಜಿ ಮಾತ್ಸುದಾಗೆ, ಬೇರೆ ಯಾರ ಹತ್ತಿರವೂ ಇಲ್ಲದ್ದು ತಮ್ಮಲ್ಲಿದ್ದರೆ ಮಾತ್ರ ಉಳಿಗಾಲ ಅನ್ನಿಸಿತು. ಜರ್ಮನಿಯ ಎನ್‌ಎಸ್‌ಯು ಕಂಪನಿಯೊಂದಿಗೆ ಒಪ್ಪಂದವಾಯಿತು, 1961ರಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಎಂಜಿನ್ ಬಂತು, ಓಡಿತು, ಕೆಟ್ಟಿತು. ತ್ರಿಕೋನದ ತುದಿಗಳಲ್ಲಿರುವ ಸೀಲುಗಳು ನಡುಗಿ ನಡುಗಿ ಒಳಗೋಡೆಯನ್ನು ಗೀರುತ್ತಿದ್ದವು. ಇಲ್ಲಿನ ಎಂಜಿನಿಯರುಗಳು ಆ ಗೀರುಗಳನ್ನು ದೆವ್ವದ ಉಗುರಿನ ಗುರುತು ಎಂದು ಕರೆದರು. ಒಂದರ ಪಕ್ಕ ಒಂದು, ಸಮ ಅಂತರದಲ್ಲಿ ಎದ್ದ ಅಲೆಗಳು. ಯಾರೋ ನಿಜಕ್ಕೂ ಸಿಟ್ಟಿನಿಂದ ಪರಚಿದ್ದಾರೆ ಅನ್ನಿಸುತ್ತದೆ.

ಇದನ್ನು ಬಗೆಹರಿಸಲು 1963ರಲ್ಲಿ ಕೆನ್‌ಇಚಿ ಯಾಮಾಮೊತೊ ಎಂಬ ಎಂಜಿನಿಯರ್ ಕೈಗೆ 47 ಜನರ ತಂಡ ಕೊಟ್ಟರು. ಯುದ್ಧದ ನಂತರ ಇದೇ ಕಾರ್ಖಾನೆಯಲ್ಲಿ ಗೇರ್‌ಬಾಕ್ಸ್ ಜೋಡಿಸುವ ಕೆಲಸಗಾರನಾಗಿ ಸೇರಿದ್ದವನು ಆತ. ಒಡೆಯನ ಸಾವಿಗೆ ಸೇಡು ತೀರಿಸಿದ 47 ಸಮುರಾಯ್‌ಗಳ ಕಥೆ ಜಪಾನಿನಲ್ಲಿ ಮನೆಮಾತು, ತಂಡಕ್ಕೂ ಅದೇ ಹೆಸರು ಅಂಟಿಕೊಂಡಿತು. ಬಗೆಬಗೆಯ ವಸ್ತುಗಳಲ್ಲಿ ಸೀಲು ಮಾಡಿ ನೋಡಿದರು. ಸೀಲಿನೊಳಗೆ ಅಡ್ಡ ಉದ್ದ ರಂಧ್ರ ಕೊರೆದಾಗ ನಡುಗುವ ರೀತಿಯೇ ಬದಲಾಗಿ ಗೀರು ನಿಂತಿತು. ಕೊನೆಗೆ ಕಾರಿಗೆ ಹಾಕಿದ್ದು ಇಂಗಾಲ ಮತ್ತು ಅಲ್ಯುಮಿನಿಯಂ ಬೆರೆತ ಸೀಲು. 1967ರ ಮೇ 30ರಂದು ಕಾಸ್ಮೊ ಸ್ಪೋರ್ಟ್ ಮಾರುಕಟ್ಟೆಗೆ ಬಂತು. ಗಾಜಿನಾಚೆ ನಿಂತಿರುವ ಆ ಬಿಳಿ ಕಾರು ತುಂಬ ತಗ್ಗು, ಹಿಂಭಾಗ ಉದ್ದ. ಎಂಜಿನ್ ಗಾತ್ರ ಒಂದು ಲೀಟರಿಗೂ ಕಡಿಮೆ, ಶಕ್ತಿ 110 ಅಶ್ವಬಲ.

ನಂತರದ್ದು ಸುಖಾಂತವಲ್ಲ. ರೋಟರಿಗೆ ಪೆಟ್ರೋಲ್ ದಾಹ ವಿಪರೀತ, ಆಯಿಲ್ ಕೂಡ ಉರಿಸುತ್ತದೆ. 1973ರ ತೈಲ ಬಿಕ್ಕಟ್ಟು ಬಂತು, ಅಮೆರಿಕದಲ್ಲಿ ಮಾರಾಟ ನೆಲಕಚ್ಚಿತು, ಸುಮಿತೊಮೊ ಬ್ಯಾಂಕ್ ಕೈಹಿಡಿಯದಿದ್ದರೆ ಕಂಪನಿ ಮುಚ್ಚುತ್ತಿತ್ತು. ಸುಮಾರು 5,000 ನೌಕರರನ್ನು ಸರದಿಯ ಮೇಲೆ ಶೋರೂಮುಗಳಿಗೆ ಕಾರು ಮಾರಲು ಕಳಿಸಿದರು. 1979ರಲ್ಲಿ ಫೋರ್ಡ್ ಸುಮಾರು ಕಾಲು ಪಾಲು ಕೊಂಡಿತು. 1996ರ ಹೊತ್ತಿಗೆ ಮೂರನೇ ಒಂದು ಪಾಲು ಅದರದಾಗಿ, ಕಂಪನಿಯ ಅಧ್ಯಕ್ಷ ಸ್ಥಾನದಲ್ಲಿ ಹೆನ್ರಿ ವಾಲೇಸ್ ಕೂತರು. ಜಪಾನಿ ಕಾರು ಕಂಪನಿಯೊಂದಕ್ಕೆ ವಿದೇಶಿ ಅಧ್ಯಕ್ಷ, ಅದೇ ಮೊದಲು. ಲೈಸೆನ್ಸ್ ಪಡೆದಿದ್ದ ಬೇರೆ ದೊಡ್ಡ ಕಂಪನಿಗಳೆಲ್ಲ ರೋಟರಿಯ ಸಹವಾಸ ಬಿಟ್ಟರೂ ಇವರು ಬಿಡಲಿಲ್ಲ. 1978ರಲ್ಲಿ ಆರ್‌ಎಕ್ಸ್-7 ಎಂಬ ರೋಟರಿ ಕಾರು ತಂದರು. ಇದನ್ನು ಧೈರ್ಯ ಅನ್ನಬೇಕೋ ಹುಂಬತನ ಅನ್ನಬೇಕೋ ಎಂದು ಅಲ್ಲಿ ನಿಂತೂ ನನಗೆ ತೀರ್ಮಾನಿಸಲಾಗಲಿಲ್ಲ. ಎರಡೂ ಇರಬಹುದು.

ಮುಂದಿನ ಕೋಣೆಯಲ್ಲಿ ಕಿತ್ತಳೆ, ಹಸಿರು ಚೌಕಗಳ 55ನೇ ನಂಬರಿನ ಕಾರು. ಮಜ್ದಾ 787ಬಿ. ಫ್ರಾನ್ಸಿನ ಲೆ ಮಾನ್‌ನಲ್ಲಿ ವರ್ಷವರ್ಷವೂ ಇಪ್ಪತ್ತನಾಲ್ಕು ಗಂಟೆ ಬಿಡದೆ ಓಡಿಸುವ ರೇಸು ನಡೆಯುತ್ತದೆ. 1991ರಲ್ಲಿ ನಾಲ್ಕು ರೋಟರುಗಳ ಈ ಕಾರು ಅಲ್ಲಿ 362 ಸುತ್ತು ಓಡಿತು. ಮುಂದಿದ್ದ ಮರ್ಸಿಡಿಸ್ ಕೊನೆಯ ಗಂಟೆಗಳಲ್ಲಿ ಕೆಟ್ಟು ನಿಂತಿತು. ಇದು ನಿಲ್ಲಲಿಲ್ಲ, ಗೆದ್ದಿತು. ಜಪಾನಿನ ಕಂಪನಿಯೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಕೊನೆಯ ಸರದಿ ಓಡಿಸಿದ ಜಾನಿ ಹರ್ಬರ್ಟ್ ಮೈಯ ನೀರೆಲ್ಲ ಬತ್ತಿ ಕುಸಿದ, ಗೆಲುವಿನ ವೇದಿಕೆ ಹತ್ತಲೂ ಆಗಲಿಲ್ಲ. ಬಗ್ಗಿ ಕಾರಿನೊಳಗೆ ಇಣುಕಿದೆ. ಒಬ್ಬ ಮನುಷ್ಯ ತೂರಿಕೊಳ್ಳುವಷ್ಟೇ ಜಾಗ. ಜೂನ್ ತಿಂಗಳ ಬಿಸಿಲಿನಲ್ಲಿ, ಬೆನ್ನ ಹಿಂದೆ 700 ಅಶ್ವಬಲದ ಎಂಜಿನ್ ಇಟ್ಟುಕೊಂಡು ಕೂರುವುದೆಂದರೇನು! ಬಾಳಿಕೆ ಬರುವುದಿಲ್ಲ ಎಂದು ಅನ್ನಿಸಿಕೊಂಡಿದ್ದ ಎಂಜಿನ್, ಬಾಳಿಕೆಯನ್ನೇ ಒರೆಗೆ ಹಚ್ಚುವ ರೇಸಿನಲ್ಲಿ ಮೇಲೆ ನಿಂತಿತು. ಒಗಟು ಆಗ ಸ್ವಲ್ಪ ಬಿಡಿಸಿಕೊಂಡಿತು. ಕಾರಿನ ಹುಚ್ಚರು ಭಕ್ತಿಯಿಂದ ಹೇಳುವುದು ಇದನ್ನೇ.

ಕೊನೆಗೆ ಅಸೆಂಬ್ಲಿ ಲೈನು. ಮೇಲಿನ ಓಣಿಯಿಂದ ಕೆಳಗೆ ನೋಡಬಹುದು, ಫೋಟೋ ತೆಗೆಯುವಂತಿಲ್ಲ. ಒಂದೇ ಲೈನಿನಲ್ಲಿ ಒಂದು ದೊಡ್ಡ ಎಸ್‌ಯುವಿ, ಅದರ ಹಿಂದೆ ಬಲಗಡೆ ಸ್ಟೀರಿಂಗಿನ ಕೆಂಪು ಕಾರು, ಅದರ ಹಿಂದೆ ಎಡಗಡೆ ಸ್ಟೀರಿಂಗಿನದು, ಆಮೇಲೆ ಎರಡೇ ಸೀಟಿನ ಪುಟ್ಟ ಎಂಎಕ್ಸ್-5. ಸಣ್ಣ ಕಂಪನಿಗೆ ಮಾದರಿಗೊಂದು ಲೈನು ಹಾಕುವ ಶಕ್ತಿಯಿಲ್ಲ, ಹಾಗಾಗಿ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. ಕೆಲಸಗಾರನ ಪಕ್ಕದಲ್ಲಿ ತಳ್ಳುಗಾಡಿ, ಅದರಲ್ಲಿ ಆ ಕಾರಿಗೆ ಬೇಕಾದ ಬಿಡಿಭಾಗ ಮಾತ್ರ. ಯಾರೂ ಓಡುವುದಿಲ್ಲ, ಯಾರೂ ಹುಡುಕುವುದಿಲ್ಲ. 1989ರಲ್ಲಿ ಶುರುವಾದ ಎಂಎಕ್ಸ್-5, 2016ರಲ್ಲಿ ಹತ್ತು ಲಕ್ಷ ದಾಟಿತು. ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರುಗಳಲ್ಲಿ ಅಷ್ಟು ತಯಾರಾದದ್ದು ಬೇರಾವುದೂ ಇಲ್ಲ. ಮಜ್ದಾ ಹೆಸರು ಲೋಕಕ್ಕೆಲ್ಲ ಮುಟ್ಟಿದ್ದು ರೋಟರಿಯಿಲ್ಲದ, ಸಾದಾ ನಾಲ್ಕು ಸಿಲಿಂಡರಿನ ಈ ಕಾರಿನಿಂದ ಎಂಬುದು ತಮಾಷೆ.

ಸಂಜೆ ಪೇಟೆಯಲ್ಲಿ ಒಕೊನೊಮಿಯಾಕಿ ಅಂಗಡಿ ಹೊಕ್ಕೆ. ಬಿಸಿ ತಗಡಿನ ಮೇಲೆ ಕೋಸು, ನೂಡಲ್ಸ್, ಮೊಟ್ಟೆ ಪದರಪದರವಾಗಿ ಬೇಯುತ್ತಿತ್ತು. ಗೋಡೆಯ ಟಿವಿಯಲ್ಲಿ ಬೇಸ್‌ಬಾಲ್. ಇಲ್ಲಿನ ತಂಡ ಹಿರೋಶಿಮಾ ಟೋಯೋ ಕಾರ್ಪ್. ನಡುವಿನ ಟೋಯೋ ಅನ್ನುವುದು ಕಂಪನಿಯ ಹಳೆಯ ಹೆಸರಿನ ತುಂಡು, ಆಡುವ ಸ್ಟೇಡಿಯಮ್ಮಿಗೂ ಮಜ್ದಾದ್ದೇ ಹೆಸರು. ರೋಟರಿ ಕಾರು ಮತ್ತೆ ಬರುತ್ತದಂತೆ ಹೌದಾ ಎಂದು ಅಂಗಡಿಯಜ್ಜನನ್ನು ಕೈಸನ್ನೆ, ಮೊಬೈಲ್ ಎರಡನ್ನೂ ಬಳಸಿ ಕೇಳಿದೆ. ಆತ ಸಟ್ಟುಗವನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸಿ ನಕ್ಕ.

ಬಂದಿರುವುದಂತೂ ನಿಜ. ಅಲ್ಲಿಯವರೆಗಿನ ಕೊನೆಯ ರೋಟರಿ ಕಾರಾದ ಆರ್‌ಎಕ್ಸ್-8ರ ತಯಾರಿ ನಿಂತ ಹನ್ನೊಂದು ವರ್ಷದ ಬಳಿಕ, 2023ರಲ್ಲಿ, ಒಂಟಿ ರೋಟರಿನ 830 ಸಿಸಿ ಎಂಜಿನ್ ಎಂಎಕ್ಸ್-30 ಎಂಬ ಕಾರಿನೊಳಗೆ ಸೇರಿತು. ಚಕ್ರ ತಿರುಗಿಸುವುದು ವಿದ್ಯುತ್ ಮೋಟಾರು, ರೋಟರಿಯದು ಕರೆಂಟು ತಯಾರಿಸುವ ಕೆಲಸ ಅಷ್ಟೇ. ಲೆ ಮಾನ್ ಗೆದ್ದ ವಂಶಕ್ಕೆ ಜನರೇಟರಿನ ಉದ್ಯೋಗ! ಲೆಕ್ಕ ಬಲ್ಲವರು ಇದು ಇಲ್ಲಿಗೆ ಸಾಕು ಅನ್ನುತ್ತಿದ್ದರು. ಇವರು 2024ರಲ್ಲಿ ರೋಟರಿಗೆಂದೇ ಎಂಜಿನಿಯರುಗಳ ತಂಡವನ್ನು ಮತ್ತೆ ಕಟ್ಟಿದ್ದಾರೆ. ಹೊಗೆಯ ಹೊಸ ನಿಯಮಗಳಿಗೆ ಈ ಎಂಜಿನ್ನನ್ನು ಒಗ್ಗಿಸುವುದು ಅವರ ಪಾಲಿನ ಕೆಲಸ.