ಹತ್ತು ಅಚ್ಚಿನ ನ್ಯಾಯ

ನನ್ನ ತವರು ಚಿಕ್ಕರಸಿನಕೆರೆ ಎಂದೊಡನೆ ಮದ್ದೂರು ಸೀಮೆಯವರು ಕೇಳುವುದು ಕಾಲಭೈರವೇಶ್ವರನ ಬಸಪ್ಪನ ವಿಚಾರವನ್ನು. ತೀರದ ವ್ಯಾಜ್ಯಗಳನ್ನು ಜನ ಬಸಪ್ಪನ ಮುಂದಿಡುತ್ತಾರೆ. ನಮ್ಮಣ್ಣನ ಆಲೆಮನೆಯ ವ್ಯಾಜ್ಯವೊಂದು ಮಾತ್ರ ಅಲ್ಲಿಯವರೆಗೆ ಹೋಗದೆ ಅಣ್ಣನ ಮಗಳ ನೋಟ್‌ಬುಕ್ಕಿನಲ್ಲೇ ತೀರಿತು.

ಬೆಲ್ಲದ ವರ್ತಕರೊಬ್ಬರು ಅರ್ಧ ಕಿಲೋ ಅಚ್ಚುಗಳಲ್ಲಿ ಹತ್ತನ್ನು ತೂಗಿ, "ಒಂದು ದಪ್ಪ, ಒಂದು ಸಣ್ಣ" ಎಂದು ಮುಖ ಸಿಂಡರಿಸಿದ್ದರು. ಸರಾಸರಿಯೇನೋ ಸರಿಯಾಗಿಯೇ ಇತ್ತು. ಅಣ್ಣನ ಸಿಟ್ಟು ಅಚ್ಚಿಗೆ ಪಾಕ ಹುಯ್ಯುವ ಅಜ್ಜನ ಮೇಲೆ ತಿರುಗಿತು. "ಕೈ ನಡುಗ್ತದೆ. ನಾಳೆಯಿಂದ ಬ್ಯಾಡ ಅಂದ್ಬುಡ್ತೀನಿ" ಎಂದ. ಮೂವತ್ತು ವರ್ಷ ಕೊಪ್ಪರಿಗೆಯ ಮುಂದೆ ನಿಂತ ಜೀವ ಅದು. ನಾನೂ "ವಯಸ್ಸಾಯ್ತಲ್ಲ" ಎಂದುಬಿಟ್ಟೆ.

"ಅತ್ತೆ, ನೀವೂ ಹಿಂಗಂದ್ರೆ ಹೆಂಗೆ?" ಎಂದಳು ಸಂಖ್ಯಾಶಾಸ್ತ್ರ ಓದುತ್ತಿದ್ದ ಅಣ್ಣನ ಮಗಳು. ಪ್ರತಿ ಅಚ್ಚು ಸರಾಸರಿಯಿಂದ ಎಷ್ಟು ದೂರವೆಂದು ನೋಡಿ, ಆ ದೂರಗಳ ವರ್ಗಗಳನ್ನು ಕೂಡಿ, ಹತ್ತಕ್ಕೆ ಒಂದು ಕಡಿಮೆ ಮಾಡಿ ಒಂಬತ್ತರಿಂದ ಭಾಗಿಸಿದಳು. 400 ಬಂತು. ಇದೇ ವೇರಿಯನ್ಸ್. ಇದರ ವರ್ಗಮೂಲ 20 ಗ್ರಾಂ, ಮಾನಕ ವಿಚಲನೆ. ಹಿಂದಿನ ವರ್ಷ ಅವಳೇ ನೂರಾರು ಅಚ್ಚು ತೂಗಿದಾಗ ಅದು 15 ಇತ್ತು.

"ನೋಡ್ದಾ, ಐದು ಗ್ರಾಂ ಜಾಸ್ತಿ" ಎಂದ ಅಣ್ಣ.

"ಬೇರೆ ಹತ್ತು ತೂಗಿದ್ರೆ ಬೇರೆ ಸಂಖ್ಯೆ ಬರ್ತದಪ್ಪ" ಎಂದು ಅವಳು ಕೈ-ಸ್ಕ್ವೇರ್ ಕೋಷ್ಟಕ ತೆರೆದಳು. ಈ 'ಕೈ' ನಮ್ಮ ಹಸ್ತವಲ್ಲ, ಗ್ರೀಕ್ ಅಕ್ಷರ. ಜರ್ಮನಿಯ ಭೂಮಾಪನ ಪಂಡಿತ ಹೆಲ್ಮರ್ಟ್ 1876ರಲ್ಲೇ ಈ ಹಂಚಿಕೆಯನ್ನು ಕಂಡಿದ್ದ. 1900ರಲ್ಲಿ ಕಾರ್ಲ್ ಪಿಯರ್ಸನ್ ಅದನ್ನು ಹೆಸರುವಾಸಿ ಮಾಡಿದ. ತೂಕಗಳು ಸರಾಸರಿಯ ಎರಡೂ ಬದಿಗೆ ಗಂಟೆಯಾಕಾರದಲ್ಲಿ ಹರಡಿರಬೇಕು. ಇಲ್ಲವಾದರೆ ಈ ಲೆಕ್ಕ ನಂಬುವಂತಿಲ್ಲ.

ಒಂಬತ್ತನ್ನು 400ರಿಂದ ಗುಣಿಸಿದರೆ 3600. ಕೋಷ್ಟಕದ ದೊಡ್ಡ ಸಂಖ್ಯೆ 19.023ರಿಂದ ಭಾಗಿಸಿದರೆ 189. ಸಣ್ಣ ಸಂಖ್ಯೆ 2.700ರಿಂದ ಭಾಗಿಸಿದರೆ 1333. ವರ್ಗಮೂಲ ತೆಗೆದರೆ ಸುಮಾರು 14 ಗ್ರಾಂನಿಂದ 37 ಗ್ರಾಂ. ದೊಡ್ಡದರಿಂದ ಭಾಗಿಸಿದಾಗ ಕೆಳಗಿನ ಮಿತಿ ಬರುವುದು ನನಗೆ ತಮಾಷೆಯೆನಿಸಿತು. 20 ನಟ್ಟನಡುವೆಯೂ ಇಲ್ಲ. ವರ್ಗಗಳ ಮೊತ್ತ ಸೊನ್ನೆಗಿಂತ ಕೆಳಗಿಳಿಯದು, ಮೇಲೆ ಎಷ್ಟಾದರೂ ಚಾಚಬಹುದು, ಅದಕ್ಕೇ. ಹೀಗೆ ಮತ್ತೆ ಮತ್ತೆ ಹತ್ತು ತೂಗಿ ಮಿತಿ ಹಾಕುತ್ತ ಹೋದರೆ ನೂರರಲ್ಲಿ ಸುಮಾರು 95 ಸಲ ನಿಜವಾದ ವಿಚಲನೆ ಅದರೊಳಗೇ ಸಿಕ್ಕುತ್ತದಂತೆ.

ಹಳೆಯ 15 ಈ ಮಿತಿಯೊಳಗೇ ಇತ್ತು! ಅಜ್ಜನ ಕೈ ಕೆಟ್ಟಿಲ್ಲವೆಂದೇನೂ ಇದರಿಂದ ಸಿದ್ಧವಾಗಲಿಲ್ಲ. ಕೆಟ್ಟಿದೆ ಎನ್ನಲು ಹತ್ತು ಅಚ್ಚು ಸಾಲದು ಎಂದಷ್ಟೇ.

ಮರುದಿನ ಮೂವತ್ತು ಅಚ್ಚು ತೂಗಿದೆವು. ವಿಚಲನೆ 16, ಮಿತಿ 13ರಿಂದ 22. ಅಣ್ಣ ಏನೂ ಹೇಳದೆ ಅಜ್ಜನಿಗೆ ಕಾಫಿ ಲೋಟ ನೀಡಿದ.

ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಮೂರೇ ಕಿರುಪರೀಕ್ಷೆಗಳ ಅಂಕ ನೋಡಿ ಎಷ್ಟು ಮಕ್ಕಳ ಪ್ರಗತಿಪತ್ರದಲ್ಲಿ "ಸ್ಥಿರತೆ ಇಲ್ಲ" ಎಂದು ಬರೆದಿದ್ದೆನೋ! ಮೂರಕ್ಕೆ ಮಿತಿ ಎಷ್ಟೆಂದು ಸೊಸೆಯನ್ನು ಕೇಳಿದೆ. ನಾವು ಕಂಡ ವಿಚಲನೆಯ ಅರ್ಧದಿಂದ ಹಿಡಿದು ಆರು ಪಟ್ಟಿನವರೆಗೆ ಎಂದಳು. ಅಂದಿನಿಂದ ಆ ಎರಡು ಪದಗಳನ್ನು ನಾನು ಬರೆದಿಲ್ಲ.